ನಿಮ್ಮದೇ ಬ್ರಾಂಡಿನಲ್ಲಿ ಆನ್‌ಲೈನ್ ಮಾರಾಟ: ಊದುಬತ್ತಿ ಹಿಡಿದು ಒಂದು ಪೂರ್ತಿ ಲೆಕ್ಕ

ಆನ್‌ಲೈನ್‌ನಲ್ಲಿ ಏನಾದರೂ ಮಾರಬೇಕು ಎಂದು ಸಲಹೆ ಕೇಳಲು ಬರುವವರು ಹೆಚ್ಚಾಗಿ ಮೊದಲು ಮೊಬೈಲ್ ತೆಗೆದು ಲೋಗೊ ತೋರಿಸುತ್ತಾರೆ. ಹೆಸರು ಆಗಿರುತ್ತದೆ, ಬಣ್ಣ ಆಗಿರುತ್ತದೆ, ಇನ್‌ಸ್ಟಾಗ್ರಾಮ್ ಪುಟವೂ ತಯಾರು. ಏನು ಮಾರ್ತೀರಿ ಎಂದರೆ ಮಾತ್ರ, "ಅದೇ ನೋಡ್ತಾ ಇದೀನಿ ಸಾರ್" ಅನ್ನುತ್ತಾರೆ. ನಾನೂ ಹಾಗೇ ಶುರು ಮಾಡಿದವನು. ಹಾಗಾಗಿ ಇಲ್ಲಿ ಕೆಲಸವನ್ನು ಉಲ್ಟಾ ಇಡುತ್ತೇನೆ. ಮೊದಲು ವಸ್ತು, ಆಮೇಲೆ ಲೆಕ್ಕ, ಆಮೇಲೆ ತಯಾರಕ. ಹೆಸರು, ಪೆಟ್ಟಿಗೆ ಎಲ್ಲ ಕೊನೆಗೆ.

ಹೀಗೆ ಮಾರುವುದಕ್ಕೆ ಪ್ರೈವೇಟ್ ಲೇಬಲ್ ಎನ್ನುತ್ತಾರೆ. ಅಂದರೆ ತಯಾರಿ ಬೇರೆಯವರದ್ದು, ಹೆಸರು ನಮ್ಮದು. ಕಾರ್ಖಾನೆ ನಮ್ಮದಲ್ಲ, ಯಂತ್ರ ನಮ್ಮದಲ್ಲ. ಆದರೆ ಗಿರಾಕಿ ಬೈಯುವುದು ನಮ್ಮನ್ನೇ. ಇದೊಂದನ್ನು ನೆನಪಿಟ್ಟುಕೊಂಡರೆ ಮುಂದಿನ ಅರ್ಧ ಮಾತು ತಾನಾಗೇ ಅರ್ಥವಾಗುತ್ತದೆ.

ಬೇಡದ್ದನ್ನು ಮೊದಲು ಹೊಡೆದು ಹಾಕಿ

ಯಾವುದು ಮಾರಬೇಕು ಅನ್ನುವುದಕ್ಕಿಂತ ಯಾವುದು ಬೇಡ ಅನ್ನುವುದು ಸುಲಭ. ಒಂದು ಹಾಳೆ ತೆಗೆದುಕೊಂಡು ಮನಸ್ಸಿಗೆ ಬಂದ ಇಪ್ಪತ್ತು ವಸ್ತು ಬರೆಯಿರಿ. ಈಗ ಗೀಟು ಹಾಕುತ್ತಾ ಬನ್ನಿ.

ಗಾಜು, ಪಿಂಗಾಣಿ ಬೇಡ. ದಾರಿಯಲ್ಲಿ ಒಡೆಯುತ್ತದೆ. ಬಟ್ಟೆ, ಚಪ್ಪಲಿ ಮೊದಲ ಸಲಕ್ಕೆ ಬೇಡ. ಸೈಜ್ ಸರಿಯಿಲ್ಲ ಎಂದು ವಾಪಸ್ ಬರುವುದೇ ಜಾಸ್ತಿ. ಕರೆಂಟಿಗೆ ಸಿಕ್ಕಿಸುವ ವಸ್ತುಗಳಲ್ಲಿ ಹೆಚ್ಚಿನವಕ್ಕೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಪ್ರಮಾಣಪತ್ರ ಬೇಕು. ಮಕ್ಕಳ ಆಟಿಕೆಗೆ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯ. "ಚನ್ನಪಟ್ಟಣದ ಬೊಂಬೆಗೆ ವಿನಾಯಿತಿ ಇದೆಯಂತೆ" ಎಂದು ಯಾರಾದರೂ ಹೇಳುತ್ತಾರೆ. ಇದೆ, ಆದರೆ ಅದು ಜಿಐ (ಊರಿನ ಹೆಸರಿಗೆ ಸಿಗುವ ಭೌಗೋಳಿಕ ಗುರುತು) ನೋಂದಣಿ ಇರುವವರಿಗೆ ಮತ್ತು ಕರಕುಶಲ ಇಲಾಖೆಯಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳು ತಾವೇ ಮಾಡಿ ಮಾರುವ ಬೊಂಬೆಗೆ. ಬೇರೆಯವರ ಬೊಂಬೆಗೆ ಹೆಸರು ಅಂಟಿಸುವ ನಮಗಲ್ಲ. ತಿನ್ನುವ ಪದಾರ್ಥ ಎಂದರೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಪರವಾನಗಿ, ಅವಧಿ ಮುಗಿಯುವ ದಿನಾಂಕ, ಲ್ಯಾಬ್ ವರದಿ ಎಲ್ಲ ಬರುತ್ತವೆ. ಮಾಡಬಾರದು ಅಂತಲ್ಲ, ಎರಡನೇ ವರ್ಷಕ್ಕೆ ಇಟ್ಟುಕೊಳ್ಳಿ.

ಉಳಿದವುಗಳಲ್ಲಿ ಎರಡು ಗುಣ ನೋಡಿ. ಹಗುರ ಇರಬೇಕು. ಮುಗಿದ ಮೇಲೆ ಮತ್ತೆ ಕೊಳ್ಳುವಂಥದ್ದಾಗಿರಬೇಕು. ಇನ್ನೊಂದು ನನ್ನ ಸ್ವಂತ ನಿಯಮ: ತಯಾರಾಗುವ ಜಾಗಕ್ಕೆ ಬೆಳಿಗ್ಗೆ ಬಸ್ ಹತ್ತಿ ಹೋಗಿ ಸಂಜೆಗೆ ವಾಪಸ್ ಬರುವಂತಿರಬೇಕು. ಚೀನಾದಿಂದ ತರಿಸುವ ಕಥೆ ಕೇಳಲು ಚೆನ್ನಾಗಿರುತ್ತದೆ. ಮೊದಲ ಲೋಡಿನಲ್ಲೇ ಏನಾದರೂ ಕೆಟ್ಟರೆ ಹೋಗಿ ಯಾರ ಬಾಗಿಲು ತಟ್ಟುತ್ತೀರಿ?

ಬೆಂಗಳೂರು, ಮೈಸೂರು ಕಡೆ ಇರುವವರಿಗೆ ಈ ಮೂರೂ ಹೊಂದುವ ವಸ್ತು ಊದುಬತ್ತಿ. ಸೈಕಲ್ ಬ್ರಾಂಡಿನ ಎನ್. ರಂಗರಾವ್ ಅಂಡ್ ಸನ್ಸ್ ಮೈಸೂರಿನಲ್ಲಿ ಶುರುವಾಗಿದ್ದು 1948ರಲ್ಲಿ. ಅಖಿಲ ಭಾರತ ಅಗರಬತ್ತಿ ತಯಾರಕರ ಸಂಘದ ಕಚೇರಿ ಇರುವುದು ಬೆಂಗಳೂರಿನಲ್ಲಿ. ಊದುಬತ್ತಿ ಆಮದನ್ನು ಕೇಂದ್ರ ಸರ್ಕಾರ 2019ರ ಆಗಸ್ಟ್‌ನಲ್ಲೇ ನಿರ್ಬಂಧಿತ ಪಟ್ಟಿಗೆ ಸೇರಿಸಿದೆ. ಹಾಗಾಗಿ ಹೊರದೇಶದ ಅಗ್ಗದ ಮಾಲು ಬಂದು ಬೆಲೆ ಕೆಡಿಸುವ ಭಯ ಕಡಿಮೆ. ಪೈಪೋಟಿ ಇಲ್ಲವೇ? ವಿಪರೀತ ಇದೆ. ಅದಕ್ಕೇ ಮುಂದಿನ ಕೆಲಸ.

ಮೂರು ಸ್ಟಾರ್ ಕೊಟ್ಟವರ ಮಾತು ಕೇಳಿ

ಒಂದು ವಾರ ಏನೂ ಕೊಳ್ಳಬೇಡಿ, ಓದಿ. ಅಮೆಜಾನ್, ಫ್ಲಿಪ್‌ಕಾರ್ಟ್ ಎರಡರಲ್ಲೂ ಊದುಬತ್ತಿ, ಧೂಪ, ಸಾಂಬ್ರಾಣಿ ಕಪ್ ಎಂದು ಹುಡುಕಿ, ಚೆನ್ನಾಗಿ ಮಾರಾಟವಾಗುವ ಇಪ್ಪತ್ತು ವಸ್ತುಗಳ ವಿಮರ್ಶೆ ತೆಗೆಯಿರಿ. ಐದು ಸ್ಟಾರ್ ಕೊಟ್ಟವರು 'ಸೂಪರ್' ಎಂದು ಬರೆದು ಹೋಗಿರುತ್ತಾರೆ. ಒಂದು ಸ್ಟಾರ್ ಕೊಟ್ಟವರ ಸಿಟ್ಟು ಎಷ್ಟೋ ಸಲ ಡೆಲಿವರಿ ಹುಡುಗನ ಮೇಲೆ. ನಿಮಗೆ ಬೇಕಾದವರು ಮೂರು ಸ್ಟಾರ್ ಕೊಟ್ಟವರು. ವಸ್ತು ಇಷ್ಟವಾಗಿದೆ, ಆದರೆ ಏನೋ ಒಂದು ಕಾಡಿದೆ. ಅದನ್ನು ಬಿಡಿಸಿ ಬರೆದಿರುತ್ತಾರೆ.

ನಾನು ಓದಿದಾಗ ನೋಟ್‌ಬುಕ್ಕಿನಲ್ಲಿ ಪದೇ ಪದೇ ಬಂದದ್ದು ಇವು: ಹಚ್ಚುವ ಮೊದಲು ಘಮ ಚೆನ್ನಾಗಿದೆ, ಹಚ್ಚಿದ ಮೇಲೆ ಬರೀ ಹೊಗೆ. ಗಂಟಲು ಕೆರೆಯುತ್ತದೆ. ಆರು ಪರಿಮಳ ಎಂದು ಕೊಟ್ಟಿದ್ದಾರೆ, ಎಲ್ಲವೂ ಒಂದೇ ಥರ ಇವೆ. ಬೂದಿ ಸ್ಟ್ಯಾಂಡಿನಿಂದ ಆಚೆ ಬೀಳುತ್ತದೆ. ಬತ್ತಿ ಮುರಿದು ಬಂದಿದೆ.

ಇಲ್ಲಿ ನಿಮ್ಮ ವಸ್ತು ಹುಟ್ಟುತ್ತದೆ. 'ಒಳ್ಳೆಯ ಊದುಬತ್ತಿ' ಅನ್ನುವುದು ವಸ್ತುವಲ್ಲ. 'ಫ್ಲಾಟಿನ ಸಣ್ಣ ದೇವರಮನೆಗೆ, ಹೊಗೆ ಕಡಿಮೆ ಇರುವ, ಒಂದಕ್ಕೊಂದು ಸಂಬಂಧವಿಲ್ಲದ ಆರು ಪರಿಮಳದ ಪೆಟ್ಟಿಗೆ' ಅನ್ನುವುದು ವಸ್ತು. ಈ ಒಂದು ವಾಕ್ಯ ಬರೆಯಲು ಆಗದಿದ್ದರೆ ತಯಾರಕರ ಹತ್ತಿರ ಹೋಗಬೇಡಿ. ಹೋದರೆ ಅವರ ಗೋಡೌನಿನಲ್ಲಿ ಉಳಿದಿರುವುದನ್ನು ನಿಮಗೆ ಕಟ್ಟಿ ಕಳಿಸುತ್ತಾರೆ.

ಲೆಕ್ಕ: ಕಾಗದದ ಮೇಲೆ 40, ಕೈಗೆ 29

ಈ ಭಾಗ ನಿಧಾನವಾಗಿ ಓದಿ. ಕೆಳಗಿನ ಬೆಲೆಗಳು ಉದಾಹರಣೆಗೆ ಅಷ್ಟೇ. ನಿಮ್ಮ ಅಂಕಿ ಹಾಕಿ, ದಾರಿ ಇದೇ ಇರಲಿ.

ಆರು ಪರಿಮಳ, ತಲಾ 40 ಗ್ರಾಂ, ಒಟ್ಟು 240 ಗ್ರಾಮಿನ ಪೆಟ್ಟಿಗೆ. ಮಾರುವ ಬೆಲೆ 249 ರೂಪಾಯಿ. ಊದುಬತ್ತಿಗೆ ಜಿಎಸ್‌ಟಿ ಶೇ 5. ಅದು ಈ 249ರ ಒಳಗೇ ಇದೆ. ತೆಗೆದರೆ ಉಳಿಯುವುದು 237.

ಈಗ ಖರ್ಚು. ಸುಗಂಧ ಹಾಕಿದ ಬತ್ತಿ ಕೆ.ಜಿ.ಗೆ 200 ಎಂದರೆ 48 ರೂಪಾಯಿ. ಆರು ಕವರ್ 12, ಹೊರಪೆಟ್ಟಿಗೆ 14, ಕಳಿಸುವ ರಟ್ಟಿನ ಡಬ್ಬ ಮತ್ತು ಟೇಪ್ 9, ಪ್ಯಾಕಿಂಗ್ ಕೂಲಿ 4. ಒಟ್ಟು 87. ಮಾರಾಟ ತಾಣದ ಶುಲ್ಕ ಮತ್ತು ಸಾಗಾಟ ಸೇರಿ 75. ಜಾಹೀರಾತಿಗೆ 25. ವಾಪಸ್ ಬರುವ ಮಾಲಿನ ನಷ್ಟಕ್ಕೆ 10 ತೆಗೆದಿಡಿ. 237ರಲ್ಲಿ ಇವೆಲ್ಲ ಕಳೆದರೆ 40 ರೂಪಾಯಿ ಉಳಿಯಿತು. ಖುಷಿ.

ಸ್ವಲ್ಪ ತಡೆಯಿರಿ. ತಾಣದ ಶುಲ್ಕ ಮತ್ತು ಜಾಹೀರಾತಿನ ಮೇಲೆ ಶೇ 18 ಜಿಎಸ್‌ಟಿ ಇದೆ. 100 ರೂಪಾಯಿಗೆ 18. ಮಾಲು ಮತ್ತು ಪ್ಯಾಕಿಂಗ್ ಮೇಲೆ ಕೊಟ್ಟಿದ್ದು ಸುಮಾರು 5. ಅಂದರೆ ನೀವು ಕೊಟ್ಟ ತೆರಿಗೆ 23, ಗಿರಾಕಿಯಿಂದ ಪಡೆದ ತೆರಿಗೆ 12. ಹೆಚ್ಚಿನ 11 ರೂಪಾಯಿ ಕ್ರೆಡಿಟ್ ಆಗಿ ನಿಮ್ಮ ಜಿಎಸ್‌ಟಿ ಖಾತೆಯಲ್ಲಿ ಕೂರುತ್ತದೆ. 'ರೀಫಂಡ್ ಸಿಗುತ್ತಲ್ಲ' ಅನ್ನಬೇಡಿ. ಮಾರುವ ವಸ್ತುವಿನ ತೆರಿಗೆ ಕಡಿಮೆ, ಕೊಳ್ಳುವುದರ ತೆರಿಗೆ ಜಾಸ್ತಿ ಇದ್ದಾಗ ಕೊಡುವ ರೀಫಂಡಿನ ಸೂತ್ರದಲ್ಲಿ ಸರಕಿನ ಮೇಲಿನ ತೆರಿಗೆ ಮಾತ್ರ ಲೆಕ್ಕಕ್ಕೆ ಬರುತ್ತದೆ, ಸೇವೆಯ ಮೇಲಿನದ್ದು ಬರುವುದಿಲ್ಲ. ಕಮಿಷನ್, ಸಾಗಾಟ, ಜಾಹೀರಾತು ಎಲ್ಲ ಸೇವೆಯೇ. ಹಾಗಾಗಿ ಕೈಗೆ ಬರುವುದು 29. ಶೇ 5ರ ವಸ್ತು ಮಾರುವ ಎಷ್ಟೋ ಜನರಿಗೆ ಇದು ಗೊತ್ತಾಗುವುದು ವರ್ಷದ ಕೊನೆಗೆ, ಆಡಿಟರ್ ಮುಂದೆ ಕುಳಿತಾಗ.

ಇನ್ನೊಂದು ಕಳ್ಳ ಇದ್ದಾನೆ: ಡಬ್ಬದ ಅಳತೆ. ಸಾಗಾಟದ ದರ ಸಾಮಾನ್ಯವಾಗಿ 500 ಗ್ರಾಮಿನ ಹಂತಗಳಲ್ಲಿ ಇರುತ್ತದೆ. ತೂಕ ಅಂದರೆ ಬರೀ ತಕ್ಕಡಿಯ ತೂಕವಲ್ಲ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿದರೆ ಬರುವ ತೂಕವೂ ಲೆಕ್ಕಕ್ಕೆ ಬರುತ್ತದೆ. ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದುಡ್ಡು. 24, 12, 8ರ ಡಬ್ಬವಾದರೆ 0.46 ಕೆ.ಜಿ., ಮೊದಲ ಹಂತ. ನೋಡಲು ಚೆನ್ನಾಗಿರಲಿ ಎಂದು 26, 14, 9 ಮಾಡಿಸಿದಿರಿ ಅಂತಿಟ್ಟುಕೊಳ್ಳಿ. 0.66 ಆಯಿತು, ಎರಡನೇ ಹಂತ. ಒಳಗಿನ ಮಾಲು ಅದೇ 240 ಗ್ರಾಂ. ಎರಡು ಸೆಂಟಿಮೀಟರ್ ಗತ್ತಿಗೆ ಆ 29 ರೂಪಾಯಿಯಲ್ಲಿ ದೊಡ್ಡ ಪಾಲು ಹೋಗುತ್ತದೆ. ಅದಕ್ಕೇ ಡಬ್ಬದ ಅಳತೆ ನಿರ್ಧರಿಸಿ, ಆಮೇಲೆ ಅದರೊಳಗೆ ಹಿಡಿಯುವಷ್ಟು ಬತ್ತಿಯ ಉದ್ದ ನಿರ್ಧರಿಸಿ. ಡಿಸೈನರ್ ಮುನಿಸಿಕೊಂಡರೆ ಮುನಿಸಿಕೊಳ್ಳಲಿ.

ತಯಾರಕರು ಯಾರು, ಮಧ್ಯದವರು ಯಾರು

ತಯಾರಕರು, ಸಗಟು ವ್ಯಾಪಾರಿಗಳು ಸಿಗುವ ಇಂಡಿಯಾಮಾರ್ಟ್ ತಾಣದಲ್ಲಿ ಒಮ್ಮೆ ನಂಬರ್ ಕೊಟ್ಟರೆ ಸಂಜೆಯೊಳಗೆ ಫೋನ್ ಮೇಲೆ ಫೋನ್ ಬರುತ್ತದೆ. ಎಲ್ಲರೂ "ನಮ್ದೇ ಫ್ಯಾಕ್ಟರಿ ಸಾರ್" ಅನ್ನುತ್ತಾರೆ. ಜಗಳ ಬೇಡ, ಜಿಎಸ್‌ಟಿ ನಂಬರ್ ಕೇಳಿ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಲಾಗಿನ್ ಇಲ್ಲದೆಯೇ ಆ ನಂಬರ್ ಹಾಕಿ ನೋಡಬಹುದು. ನೋಂದಣಿ ಆದ ದಿನ, ರಿಟರ್ನ್ ಸರಿಯಾಗಿ ಹಾಕುತ್ತಿದ್ದಾರೋ ಇಲ್ಲವೋ, ವ್ಯವಹಾರ ತಯಾರಿಕೆಯೋ ಸಗಟು ವ್ಯಾಪಾರವೋ ಎಲ್ಲ ಕಾಣುತ್ತದೆ. ತಯಾರಿಕೆ ಎಂದು ಇಲ್ಲದಿದ್ದರೆ ಅವರು ಮಧ್ಯದವರು. ಮಧ್ಯದವರು ಕೆಟ್ಟವರೇನಲ್ಲ, ಸಣ್ಣ ಪ್ರಮಾಣ ಬೇಕಾದಾಗ ಅವರೇ ಆಗಿಬರುವುದು. ಆದರೆ ಯಾರ ಜೊತೆ ಮಾತಾಡುತ್ತಿದ್ದೇವೆ ಎಂದು ಗೊತ್ತಿರಬೇಕು.

ಐದಾರು ಜನರನ್ನು ಆರಿಸಿಕೊಂಡು ಹೋಗಿ ನೋಡಿ. ಮೈಸೂರಿನಲ್ಲಿ ದೊಡ್ಡವರಿಗೇ ಮಾಲು ಮಾಡಿಕೊಡುವ ಸಣ್ಣ ಘಟಕಗಳಿವೆ. ಕೆಲವರು ಕಚ್ಚಾ ಬತ್ತಿಯನ್ನು ಕೊಂಡು ತಂದು ಸುಗಂಧ ಮಾತ್ರ ಹಾಕುತ್ತಾರೆ. ಕೆಲವರು ಜಿಗಟು (ಅಂಟು ಬರುವ ತೊಗಟೆಯ ಪುಡಿ), ಇದ್ದಿಲ ಪುಡಿ, ಮರದ ಪುಡಿ ಕಲಸಿ ಬತ್ತಿಯನ್ನೂ ತಾವೇ ಮಾಡುತ್ತಾರೆ. ಮಸಾಲಾ ಬತ್ತಿ ಬೇರೆ, ಅದರಲ್ಲಿ ಸುಗಂಧ ಹಿಟ್ಟಿನೊಳಗೇ ಇರುತ್ತದೆ. ಹಾಲುಮಡ್ಡಿ ಎಂಬ ಮರದ ಅಂಟು ಹಾಕಿದ ಮಸಾಲಾ ಬತ್ತಿ ಮುಟ್ಟಿದರೆ ಸ್ವಲ್ಪ ಮೆತ್ತಗಿರುತ್ತದೆ, ಬೆಲೆಯೂ ಹೆಚ್ಚು.

ಹೋದಾಗ ಆಫೀಸಿನ ಎಸಿ ಕೋಣೆಯಲ್ಲಿ ಕಾಫಿ ಕುಡಿದು ಬರಬೇಡಿ. ಒಣಗಿಸುವ ಜಾಗ ತೋರಿಸಿ ಎನ್ನಿ. ನೆಲದ ಮೇಲೆ ಹರಡಿದ್ದಾರೋ, ಟ್ರೇನಲ್ಲಿಯೋ? ಮಳೆಗಾಲದಲ್ಲಿ ಏನು ಮಾಡುತ್ತಾರೆ? ಸುಗಂಧದ ಕ್ಯಾನುಗಳ ಮೇಲೆ ಬ್ಯಾಚ್ ನಂಬರ್ ಇದೆಯೇ? ಬೆರೆಸಿದ ಪ್ರಮಾಣ ಬರೆದಿಡುವ ಪುಸ್ತಕ ಇದೆಯೇ? ಪುಸ್ತಕ ಇರುವ ಕಡೆ ಎರಡನೇ ಲೋಡ್ ಮೊದಲನೆಯದರ ಥರವೇ ಬರುತ್ತದೆ. 'ನಮ್ಮ ಹುಡುಗನಿಗೆ ಕೈ ಅಳತೆ ಗೊತ್ತು' ಎಂದರೆ, ಆ ಹುಡುಗ ರಜಾ ಹಾಕಿದ ದಿನದ ಮಾಲು ನಿಮಗೇ ಬರುತ್ತದೆ.

ಸ್ಯಾಂಪಲ್ ಜೊತೆ ಒಂದು ತಿಂಗಳು

ಮೂರು ಕಡೆಯಿಂದ ದುಡ್ಡು ಕೊಟ್ಟೇ ಸ್ಯಾಂಪಲ್ ತನ್ನಿ. ಪುಕ್ಕಟೆ ಸ್ಯಾಂಪಲ್ ಯಾವಾಗಲೂ ಅವರ ಅತ್ಯುತ್ತಮ ಮಾಲು.

ಮೊದಲು 100 ಕಡ್ಡಿ ಎಣಿಸಿ ತೂಗಿ, ಬರೆದಿಡಿ. ಅವನ್ನೇ ಕವರಿನಿಂದ ತೆಗೆದು ಐದು ದಿನ ಕೋಣೆಯಲ್ಲಿ ಬಿಟ್ಟು ಮತ್ತೆ ತೂಗಿ. ಮೂರು ಸ್ಯಾಂಪಲ್ಲಿನಲ್ಲಿ ಒಂದರ ತೂಕ ಮಾತ್ರ ಎದ್ದು ಕಾಣುವಷ್ಟು ಇಳಿದಿದ್ದರೆ ಅದು ಸರಿಯಾಗಿ ಒಣಗಿಲ್ಲ. ನೀವು ನೀರಿಗೆ ದುಡ್ಡು ಕೊಡುತ್ತಿದ್ದೀರಿ.

ಆಮೇಲೆ ಹಚ್ಚಿ ನೋಡುವುದು. ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಮೊಬೈಲಿನಲ್ಲಿ ಸ್ಟಾಪ್‌ವಾಚ್ ಇಡಿ. ಒಂದೇ ಪೊಟ್ಟಣದ ಐದು ಕಡ್ಡಿಗಳು ಉರಿಯುವ ಹೊತ್ತಿನಲ್ಲಿ ಎಷ್ಟು ವ್ಯತ್ಯಾಸ? ಮಧ್ಯೆ ಆರಿಹೋಗುತ್ತದೆಯೇ? ಕಡ್ಡಿಯಿಂದ ಒಂದು ಗೇಣು ಮೇಲೆ ಬಿಳಿ ಟೈಲ್ಸ್ ತುಂಡೊಂದನ್ನು ಹಿಡಿದು ಮಸಿ ಎಷ್ಟು ಕೂರುತ್ತದೆ ನೋಡಿ. ಕೊನೆಯ ಒಂದು ಅಂಗುಲದ ವಾಸನೆ ಗಮನಿಸಿ. ಅಗ್ಗದ ಬತ್ತಿಯಲ್ಲಿ ಆ ಹೊತ್ತಿಗೆ ಮಲ್ಲಿಗೆ ಹೋಗಿ ಬರೀ ಇದ್ದಿಲು ಉಳಿದಿರುತ್ತದೆ. ಹಚ್ಚಿದವರೇ ತೀರ್ಪು ಕೊಡಬೇಡಿ, ಹತ್ತು ನಿಮಿಷ ಹೊಗೆಯಲ್ಲಿ ಕೂತ ಮೂಗಿಗೆ ಏನೂ ತಿಳಿಯುವುದಿಲ್ಲ. ಹೊರಗಿನಿಂದ ಒಬ್ಬರನ್ನು ಕರೆದು, ಯಾವ ಪರಿಮಳ ಎಂದು ಹೇಳದೆ ಕೇಳಿ. ನಮ್ಮ ಅತ್ತೆಯವರು ನನ್ನ 'ಶ್ರೀಗಂಧ'ವನ್ನು ಮೂಸಿ "ಸೋಪಿನ ಥರ ಇದೆ" ಎಂದರು. ಅದನ್ನು ಅಲ್ಲಿಗೇ ಬಿಟ್ಟೆ.

ಕೊನೆಗೆ ಒಂದು ಪೊಟ್ಟಣವನ್ನು ನಿಮ್ಮ ಕವರಿನಲ್ಲೇ ಹಾಕಿ, ಬಾಯಿ ಮುಚ್ಚಿ, ತಿಂಗಳು ಇಡಿ. ಇದನ್ನು ಬಿಟ್ಟು ನಾನು ಒಮ್ಮೆ ಕೈ ಸುಟ್ಟುಕೊಂಡಿದ್ದೇನೆ. ಜುಲೈ ತಿಂಗಳು, ಎಡೆಬಿಡದ ಮಳೆ. ತಯಾರಕರು ಅವಸರದಲ್ಲಿ ಅರ್ಧ ಒಣಗಿದ ಮಾಲು ಕಳಿಸಿದರು. ನಾನೂ ಅವಸರದಲ್ಲಿ ಕವರಿಗೆ ಹಾಕಿ ಸೀಲ್ ಮಾಡಿಸಿದೆ. ಮೂರು ವಾರದ ಮೇಲೆ ಒಬ್ಬ ಗಿರಾಕಿ ಫೋಟೊ ಕಳಿಸಿದರು. ಕಡ್ಡಿಯ ಉದ್ದಕ್ಕೂ ಬಿಳಿ ಬೂಷ್ಟು. ಉಳಿದ ಅಷ್ಟೂ ಪೆಟ್ಟಿಗೆ ಬಿಚ್ಚಿ ನೋಡಿ, ಸುರಿಯಬೇಕಾಯಿತು. ತಪ್ಪು ಅವರದ್ದು ಅರ್ಧ, ತೂಗಿ ನೋಡದ ನನ್ನದು ಅರ್ಧ.

ಒಪ್ಪಿಗೆಯಾದ ಸ್ಯಾಂಪಲ್ಲನ್ನು ಎರಡು ಪೊಟ್ಟಣ ಮಾಡಿ, ಇಬ್ಬರೂ ರುಜು ಹಾಕಿ, ಒಂದು ಅವರ ಹತ್ತಿರ, ಒಂದು ನಿಮ್ಮ ಹತ್ತಿರ ಇರಲಿ. ಮುಂದೆ ತಕರಾರು ಬಂದಾಗ ಮಾತಿಗಿಂತ ಇದು ಕೆಲಸಕ್ಕೆ ಬರುತ್ತದೆ.

ಬೆಲೆ, ಪ್ರಮಾಣ, ಕರಾರು

ಮೊದಲ ಆರ್ಡರಿನಲ್ಲಿ ಬೆಲೆಗೆ ಜಗ್ಗಾಡಬೇಡಿ, ಪ್ರಮಾಣಕ್ಕೆ ಜಗ್ಗಾಡಿ. ಕೆ.ಜಿ.ಗೆ ಹತ್ತು ರೂಪಾಯಿ ಉಳಿಸಲು ಹೋಗಿ ಬೇಕಿದ್ದಕ್ಕಿಂತ ನಾಲ್ಕು ಪಟ್ಟು ಮಾಲು ತಂದು ಹಾಸಿಗೆ ಕೆಳಗೆ ತುಂಬಿಕೊಂಡವರನ್ನು ನೋಡಿದ್ದೇನೆ. ಹತ್ತು ರೂಪಾಯಿ ಹೆಚ್ಚು ಕೊಟ್ಟು ಕಡಿಮೆ ತನ್ನಿ. ಅವರು ಕೇಳಿದ ಕನಿಷ್ಠ ಪ್ರಮಾಣ ಜಾಸ್ತಿ ಅನ್ನಿಸಿದರೆ ಆರು ಪರಿಮಳವನ್ನು ಅವರಲ್ಲಿ ಈಗಾಗಲೇ ಇರುವವುಗಳಿಂದಲೇ ಆರಿಸಿ. ನಿಮಗೆಂದೇ ಹೊಸ ಪರಿಮಳ ಮಾಡಿಸುವುದು ಮೂರನೇ ಲೋಡಿಗೆ ಸಾಕು.

ಕರಾರು ಎರಡು ಪುಟ ಇದ್ದರೆ ಬೇಕಾದಷ್ಟಾಯಿತು. ಒಪ್ಪಿದ ಸ್ಯಾಂಪಲ್ ಯಾವುದು, 100 ಕಡ್ಡಿಯ ತೂಕ ಎಷ್ಟು, ಎಷ್ಟು ದಿನದಲ್ಲಿ ಕೊಡಬೇಕು, ಕೆಟ್ಟ ಮಾಲು ಬದಲಿಸುವ ಖರ್ಚು ಯಾರದ್ದು, ನಿಮ್ಮ ಹೆಸರಿನ ಕವರ್ ಮತ್ತು ಅಚ್ಚು ಯಾರ ಸ್ವತ್ತು. ಕೊನೆಯದನ್ನು ಬಹಳ ಜನ ಮರೆಯುತ್ತಾರೆ. ಮುಂಗಡ ಅರ್ಧ, ಉಳಿದದ್ದು ಮಾಲು ನೋಡಿದ ಮೇಲೆ. ಪೂರ್ತಿ ಮುಂಗಡ ಕೇಳಿದರೆ ಬೇರೆ ಕಡೆ ನೋಡಿ.

ಕಾಗದಪತ್ರ

ಬೇರೆ ರಾಜ್ಯಕ್ಕೆ ಮಾಲು ಕಳಿಸುತ್ತೀರಿ ಎಂದರೆ ವಹಿವಾಟು ಎಷ್ಟೇ ಸಣ್ಣದಿರಲಿ ಜಿಎಸ್‌ಟಿ ನೋಂದಣಿ ಬೇಕು. ರಾಜ್ಯದೊಳಗೆ ಮಾತ್ರ ತಾಣಗಳ ಮೂಲಕ ಮಾರುವ ಸಣ್ಣವರಿಗೆ 2023ರ ಅಕ್ಟೋಬರ್‌ನಿಂದ ಸಡಿಲಿಕೆ ಇದೆ, ಆದರೆ ಊದುಬತ್ತಿಯನ್ನು ಕರ್ನಾಟಕಕ್ಕೆ ಮಾತ್ರ ಮಾರಿದರೆ ಜಾಹೀರಾತಿನ ಖರ್ಚು ಗಿಟ್ಟುವುದಿಲ್ಲ. ತಾಣದವರು ನಿಮ್ಮ ಮಾರಾಟದ ಮೇಲೆ ಶೇ 0.5 ಟಿಸಿಎಸ್ (ಮೂಲದಲ್ಲೇ ಹಿಡಿಯುವ ತೆರಿಗೆ) ಹಿಡಿದುಕೊಳ್ಳುತ್ತಾರೆ. ಅದು ನಿಮ್ಮ ದುಡ್ಡೇ, ರಿಟರ್ನ್ ಹಾಕಿದ ಮೇಲೆ ನಿಮ್ಮ ಜಿಎಸ್‌ಟಿ ಖಾತೆಗೆ ಬರುತ್ತದೆ. ತಾಣದ ಗೋಡೌನಿನಲ್ಲಿ ಮಾಲು ಇಡುವುದಾದರೆ ಆ ವಿಳಾಸವನ್ನು ನಿಮ್ಮ ಜಿಎಸ್‌ಟಿಯಲ್ಲಿ ಹೆಚ್ಚುವರಿ ವ್ಯವಹಾರ ಸ್ಥಳವಾಗಿ ಸೇರಿಸಬೇಕು.

ಪೆಟ್ಟಿಗೆಯ ಮೇಲೆ ಏನಿರಬೇಕು ಎಂದು 2011ರ ಪೊಟ್ಟಣ ಸಾಮಗ್ರಿ ನಿಯಮಗಳು ಹೇಳುತ್ತವೆ. ತಯಾರಕರ ಅಥವಾ ಪ್ಯಾಕ್ ಮಾಡಿದವರ ಹೆಸರು ವಿಳಾಸ, ವಸ್ತುವಿನ ಸಾಮಾನ್ಯ ಹೆಸರು, ನಿವ್ವಳ ಪ್ರಮಾಣ, ತಯಾರಾದ ತಿಂಗಳು ಮತ್ತು ವರ್ಷ, ಎಲ್ಲ ತೆರಿಗೆ ಸೇರಿದ ಎಂಆರ್‌ಪಿ, ದೂರು ಹೇಳಲು ಫೋನ್ ಮತ್ತು ಇಮೇಲ್. ಇದರಲ್ಲಿ ಹೆಚ್ಚಿನವು ಆನ್‌ಲೈನ್ ಪುಟದಲ್ಲೂ ಕಾಣಬೇಕು. ಬತ್ತಿಯನ್ನು ಕೆ.ಜಿ. ಲೆಕ್ಕದಲ್ಲಿ ತಂದು ನೀವೇ ಪ್ಯಾಕ್ ಮಾಡುವುದಾದರೆ ನೀವು ಪ್ಯಾಕರ್. ಕಾನೂನು ಮಾಪನ ಇಲಾಖೆಯಲ್ಲಿ ನೋಂದಣಿ ಮಾಡಿಸಿಕೊಳ್ಳಬೇಕು. ತಯಾರಕರೇ ಪ್ಯಾಕ್ ಮಾಡಿ ಕೊಟ್ಟರೆ ಅವರ ನೋಂದಣಿ ಸಂಖ್ಯೆ ಕೇಳಿ ಇಟ್ಟುಕೊಳ್ಳಿ.

ಈಗ ಹೆಸರು

ಊದುಬತ್ತಿ ಅಂದ ಕೂಡಲೇ ದೇವರ ಹೆಸರು ಹೊಳೆಯುತ್ತದೆ. ಇಡಬಹುದು, ಆದರೆ ಅದನ್ನು ನಿಮ್ಮದೊಬ್ಬರದೇ ಮಾಡಿಕೊಳ್ಳುವುದು ಕಷ್ಟ. ಊದುಬತ್ತಿಗೆ 'ರಾಮಾಯಣ' ಎಂಬ ಹೆಸರನ್ನು ಟ್ರೇಡ್‌ಮಾರ್ಕ್ ಮಾಡಿಕೊಳ್ಳಲು ಹೊರಟ ಪ್ರಕರಣದಲ್ಲಿ, ಪವಿತ್ರ ಗ್ರಂಥದ ಹೆಸರನ್ನು ಹಾಗೆ ಒಬ್ಬರ ಸ್ವತ್ತಾಗಿಸಲು ಆಗದು ಎಂದು 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಪೆಟ್ಟಿಗೆಯ ಮೇಲೆ ದೇವರ ಚಿತ್ರವೂ ಬೇಡ ಅನ್ನುವುದು ನನ್ನ ಅಭಿಪ್ರಾಯ. ಖಾಲಿಯಾದ ಡಬ್ಬವನ್ನು ಕಸಕ್ಕೆ ಹಾಕುವಾಗ ಮನೆಯವರಿಗೆ ಮುಜುಗರವಾಗುತ್ತದೆ.

'ಮೈಸೂರು ಅಗರಬತ್ತಿ' ಎಂದು ದೊಡ್ಡದಾಗಿ ಬರೆಯುವ ಮೊದಲೂ ನಿಲ್ಲಿ. ಅದು ಜಿಐ ನೋಂದಣಿ ಇರುವ ಹೆಸರು. ಬಳಸಲು ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಂಡಿರಬೇಕು. ಮೈಸೂರಿನಿಂದ ತಂದ ಮಾತ್ರಕ್ಕೆ ಆ ಹಕ್ಕು ಬರುವುದಿಲ್ಲ.

ಕೇಳಲು ಸುಲಭ, ಹಿಂದಿಯವರೂ ತಮಿಳರೂ ಟೈಪ್ ಮಾಡಬಹುದಾದ, ಅರ್ಥಕ್ಕಿಂತ ಸದ್ದು ಚೆನ್ನಾಗಿರುವ ಹೆಸರು ಹುಡುಕಿ. ಟ್ರೇಡ್‌ಮಾರ್ಕ್ ತಾಣದಲ್ಲಿ 3ನೇ ವರ್ಗದಲ್ಲಿ ಈಗಾಗಲೇ ಇದೆಯೇ ನೋಡಿ, ಊದುಬತ್ತಿ ಬರುವುದು ಆ ವರ್ಗದಲ್ಲೇ. ಒಬ್ಬರೇ ಅರ್ಜಿ ಹಾಕಿದರೆ ಆನ್‌ಲೈನ್ ಶುಲ್ಕ 4,500 ರೂಪಾಯಿ, ಸಿಕ್ಕರೆ 10 ವರ್ಷ ನಡೆಯುತ್ತದೆ.

ಮೊದಲ ಸಲಕ್ಕೆ ಬಣ್ಣದ ಡಬ್ಬ ಅಚ್ಚು ಹಾಕಿಸಬೇಡಿ. ಬೆಂಗಳೂರಿನ ಸುಲ್ತಾನ್‌ಪೇಟೆಗೋ ನಿಮ್ಮೂರಿನ ಪ್ರೆಸ್ಸಿಗೋ ಹೋಗಿ, ಸಾದಾ ಕಂದು ಡಬ್ಬ ಮತ್ತು ಅಂಟಿಸುವ ಲೇಬಲ್ ಮಾಡಿಸಿ. ವಿಳಾಸದಲ್ಲಿ ಒಂದು ಅಕ್ಷರ ತಪ್ಪಿದರೆ ಹೋಗುವುದು 300 ಲೇಬಲ್, 2,000 ಡಬ್ಬವಲ್ಲ.

ಮೊದಲ ಲೋಡ್, ಎರಡನೇ ಫೋನ್

300 ಪೆಟ್ಟಿಗೆಯಿಂದ ಶುರು ಮಾಡಿ. ಮೊದಲ ಹತ್ತನ್ನು ಬೇರೆ ಬೇರೆ ಊರಿನ ನೆಂಟರು, ಸ್ನೇಹಿತರ ವಿಳಾಸಕ್ಕೆ ಕೊರಿಯರ್ ಮಾಡಿ. ವಿಮರ್ಶೆ ಬರೆಸಲು ಅಲ್ಲ, ಅದು ತಾಣದ ನಿಯಮಕ್ಕೂ ವಿರುದ್ಧ. ಡಬ್ಬ ತೆರೆಯುವ ವಿಡಿಯೊ ಕಳಿಸಲು ಹೇಳಿ. ಯಾವ ಮೂಲೆ ಜಜ್ಜಿದೆ, ಎಷ್ಟು ಕಡ್ಡಿ ಮುರಿದಿದೆ ಎಂದು ಕಣ್ಣಾರೆ ಕಾಣುತ್ತದೆ. ಆಮೇಲೆ ಉಳಿದವನ್ನು ಮಾರಾಟಕ್ಕೆ ಬಿಡಿ.

ಎರಡನೇ ಆರ್ಡರ್ ಯಾವಾಗ? ದಿನಕ್ಕೆ 6 ಹೋಗುತ್ತಿವೆ ಅನ್ನಿ. ತಯಾರಕರಿಗೆ 20 ದಿನ ಬೇಕು, ಸಾಗಾಟ ಮತ್ತು ಗೋಡೌನಿಗೆ ಸೇರಲು 7. 27 ದಿನಕ್ಕೆ 162 ಪೆಟ್ಟಿಗೆ. ಮೇಲೆ ಹತ್ತು ದಿನದ ಭದ್ರತೆಗೆ 60. ಅಂದರೆ 222 ಉಳಿದ ದಿನವೇ ಫೋನ್ ಮಾಡಬೇಕು. 300ರಲ್ಲಿ 222 ಎಂದರೆ ಶುರುವಾದ ಎರಡನೇ ವಾರದಲ್ಲೇ! ವರಮಹಾಲಕ್ಷ್ಮಿಯಿಂದ ದೀಪಾವಳಿವರೆಗೆ ಈ ಲೆಕ್ಕವೂ ಸಾಲದು. ಆಗ ನಿಮ್ಮ ಮಾರಾಟವೂ ಏರುತ್ತದೆ, ತಯಾರಕರ ಕೈಯೂ ಖಾಲಿ ಇರುವುದಿಲ್ಲ. ಹಬ್ಬದ ಮಾಲನ್ನು ಜೂನ್ ಮೊದಲ ವಾರ, ಮಳೆ ಜೋರಾಗುವ ಮೊದಲೇ ಒಣಗಿಸಿ ಇಡಲು ಹೇಳಿ. ಬಂದ ದಿನ ಮತ್ತೆ 100 ಕಡ್ಡಿ ಎಣಿಸಿ ತೂಗಿ.